ಸೀಸೆ ದೊಡ್ಡದು, ಗೂಡು ಚಿಕ್ಕದು
(ಮನೆಕೋಳಿಯ ಕಾಯಿಲೆಯ ಒಂದು ಚರಿತ್ರೆ)

ಕೋಳಿಗೂ ಒಂದು ಚರಿತ್ರೆ ಉಂಟೇ ಎಂದು ಓದುಗರು ನಗಬಹುದು. ಅರಸರ ವಂಶಾವಳಿ, ಶಿಲಾಶಾಸನ, ಗುಡಿಗೋಪುರಗಳ ಸಂಗತಿ ಬರಬೇಕಾದ ಪುಟಕ್ಕೆ ಹಿತ್ತಲಿನ ಹೇಟೆ ಬಂದು ಕೆದರುವುದೇನು ಚೆಂದ ಎಂದು ಹಿರಿಯರು ಆಕ್ಷೇಪಿಸಲೂಬಹುದು. ಆದರೆ ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗದು ಎಂದು ಜಂಬಪಟ್ಟ ಮುದುಕಿಯ ಕಥೆಯನ್ನು ಕೇಳುತ್ತ ಬೆಳೆದವರು ನಾವೆಲ್ಲ. ಮುದುಕಿ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟು ಹೋದಳು, ಆದರೂ ಊರಿಗೆ ಬೆಳಗಾಯಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆ ಹುಂಜಕ್ಕೆ ಒಂದು ದಿನ ಕಾಯಿಲೆ ಬಿದ್ದಿದ್ದರೆ, ಅದು ತೂಕಡಿಸುತ್ತ ಮೂಲೆ ಸೇರಿದ್ದರೆ, ಮುದುಕಿ ಯಾರ ಬಳಿ ಹೋಗುತ್ತಿದ್ದಳು? ಅದನ್ನು ಕಥೆ ಹೇಳುವುದಿಲ್ಲ. ಚರಿತ್ರೆಯಲ್ಲಿ ಹುಡುಕಬೇಕು. ನಾವು ಹುಡುಕಲು ಹೊರಟದ್ದಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ಇತ್ತು.

ಆ ಬೇಸಗೆ

ನಮ್ಮ ತಂದೆಯವರು ಧಾರವಾಡದ ಕಡೆಯಿಂದ ನೌಕರಿಗಾಗಿ ಪುಣೆಗೆ ಬಂದವರು. ಖಡಕಿಯ ಕಡೆ ಒಂದು ಸರಕಾರಿ ವಸತಿಯಲ್ಲಿ ನಮ್ಮ ಬಿಡಾರ. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಗೋಡೆ ಕಟ್ಟಿದ ಪುಟ್ಟ ಹಿತ್ತಲು. ಊರಿನ ಹೊಲಮನೆ ಬಿಟ್ಟು ಬಂದ ನಮ್ಮ ತಾಯಿಯವರಿಗೆ ಆ ಹಿತ್ತಲೇ ಊರು. ಅಲ್ಲಿ ಒಂದು ಕರಿಬೇವಿನ ಗಿಡ, ಒಂದು ಬಟ್ಟೆ ಒಗೆಯುವ ಕಲ್ಲು, ಹಳೆಯ ಪೆಟ್ಟಿಗೆಯ ಹಲಗೆ ಬಡಿದು ಮಾಡಿದ ಕೋಳಿಗೂಡು. ಐದು ಹೇಟೆ, ಒಂದು ಹುಂಜ. ಮೊಟ್ಟೆ ಮಾರಿದ ದುಡ್ಡು ಉಪ್ಪಿನಕಾಯಿ ಭರಣಿಯ ಹಿಂದಿನ ಡಬ್ಬಿಗೆ ಸೇರುತ್ತಿತ್ತು. ತಂದೆಯವರು ಆ ಡಬ್ಬಿಯ ಲೆಕ್ಕ ಎಂದೂ ಕೇಳಿದವರಲ್ಲ. ನಮ್ಮ ಪಾಟಿ, ಪೆನ್ಸಿಲು, ತಂಗಿಯ ಕುಪ್ಪಸದ ಬಟ್ಟೆ ಎಲ್ಲ ಅದರಿಂದಲೇ ಬಂದವು.

1979ರ ಬೇಸಗೆ. ಹೋಳಿ ಮುಗಿದು ಬಿಸಿಲೇರಿತ್ತು. ತಂಗಿ ಚುಕ್ಕಿ ಎಂದು ಹೆಸರಿಟ್ಟಿದ್ದ ಹೇಟೆಯೊಂದು ಒಂದು ಮುಂಜಾನೆ ಗೂಡಿನ ಬಾಗಿಲು ತೆರೆದರೂ ಹೊರಗೆ ಬರಲಿಲ್ಲ. ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಕೊಕ್ಕು ತೆರೆದು ಉಸಿರಿಗೆ ಒದ್ದಾಡುತ್ತಿತ್ತು. ಹಸಿರು ಮಿಶ್ರಿತ ಬಿಳಿ ಭೇದಿ. ತಾಯಿಯವರು ಊರಿನಲ್ಲಿ ಕಂಡಂತೆ ಉಳ್ಳಾಗಡ್ಡಿ ಹೆಚ್ಚಿ, ಅರಿಸಿನ ಕಲಸಿ, ಕೊಕ್ಕು ಬಿಡಿಸಿ ತಿನ್ನಿಸಿದರು. ಮೂರನೆಯ ದಿನ ಚುಕ್ಕಿಯ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿತು. ಕಾಲು ಚಾಚಿ ಬಿದ್ದಿತು. ಅಷ್ಟರಲ್ಲಿ ಉಳಿದವೂ ತೂಕಡಿಸತೊಡಗಿದ್ದವು. ಒಂದು ವಾರ ಕಳೆಯುವುದರೊಳಗೆ ಗೂಡು ಖಾಲಿ. ಕೊನೆಗೆ ಹೋದದ್ದು ಹುಂಜ. ಮರುದಿನ ಬೆಳಗಾಯಿತು, ಆದರೆ ನಮ್ಮ ಮನೆಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಎಚ್ಚರವಾಗಲಿಲ್ಲ.

ಎರಡನೆಯ ಹೇಟೆ ಬಿದ್ದ ದಿನವೇ ತಾಯಿಯವರು ಅದನ್ನು ಬುಟ್ಟಿಯಲ್ಲಿಟ್ಟು ದನದ ದವಾಖಾನೆಗೆ ಒಯ್ದಿದ್ದರು. ನಾವೂ ಜೊತೆಗಿದ್ದೆವು. ಅಲ್ಲಿದ್ದ ವೈದ್ಯರು ಬುಟ್ಟಿಯ ಮುಚ್ಚಳ ಸರಿಸಿ ಒಂದು ಸಲ ನೋಡಿ, “ರಾಣಿಖೇತ” ಎಂದರು. ಬಂದ ಮೇಲೆ ಇದಕ್ಕೆ ಔಷಧವಿಲ್ಲ, ಬರುವ ಮೊದಲೇ ಲಸಿಕೆ ಹಾಕಿಸಬೇಕಿತ್ತು ಎಂದರು. ಮುಂದಿನ ಸಲ ಹಾಕುತ್ತೀರಾ ಎಂದು ತಾಯಿಯವರು ಕೇಳಿದರು. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವ ಮದ್ದು ಇರುತ್ತದೆ, ತೆರೆದರೆ ಎರಡು ತಾಸಿನೊಳಗೆ ಮುಗಿಸಬೇಕು, ಆರು ಕೋಳಿಗಾಗಿ ಸೀಸೆ ಒಡೆಯಲಾಗದು ಎಂದು ಉತ್ತರ ಬಂತು. ವೈದ್ಯರು ಸಿಟ್ಟಿನಿಂದ ಹೇಳಲಿಲ್ಲ. ಇದ್ದ ಸಂಗತಿಯನ್ನು ಹೇಳಿದರು.

ದಾರಿಯುದ್ದಕ್ಕೂ ತಾಯಿಯವರು ಮಾತಾಡಲಿಲ್ಲ. ಮನೆಗೆ ಬಂದು ಬುಟ್ಟಿ ಇಳಿಸಿ ಅಂದದ್ದು ಒಂದೇ ಮಾತು: “ಅವರ ಸೀಸೆ ದೊಡ್ಡದೈತಿ, ನಮ್ಮ ಗೂಡು ಸಣ್ಣದೈತಿ. ಯಾರನ್ನ ಬೈಯೂಣು?”

ಆ ಮಾತು ನಮ್ಮ ತಲೆಯಲ್ಲಿ ಉಳಿದುಬಿಟ್ಟಿತು. ಆಗ ಉತ್ತರ ಪ್ರದೇಶದಲ್ಲಿದ್ದ, ಗುಡ್ಡದ ಮೇಲಿನ ಒಂದು ಊರಿನ ಹೆಸರು ನಮ್ಮ ಚುಕ್ಕಿಯ ರೋಗಕ್ಕೆ ಹೇಗೆ ಬಂತು? ಮದ್ದು ಇದ್ದೂ ನಮಗೇಕೆ ಸಿಗಲಿಲ್ಲ? ಬಹಳ ವರ್ಷಗಳ ನಂತರ ಪುಸ್ತಕ, ವರದಿಗಳನ್ನು ತಿರುವಿ ಹಾಕಿದಾಗ ತಿಳಿದದ್ದನ್ನು ಇಲ್ಲಿ ಓದುಗರ ಮುಂದಿಡುತ್ತೇವೆ.

ಪ್ಯಾರಿಸಿನ ಕೋಳಿಗಳು, ಪರೇಲಿನ ಸೂಜಿ

ಮೊದಲು ಒಂದು ಋಣದ ಸಂಗತಿ. ಇಂದು ಮನುಷ್ಯರ ಮಕ್ಕಳಿಗೆ ಹಾಕಿಸುವ ಎಷ್ಟೋ ಲಸಿಕೆಗಳ ಹಿಂದೆ ಇರುವ ವಿದ್ಯೆಯನ್ನು ಕಲಿಸಿದ್ದು ಕೋಳಿ. ಜೆನ್ನರನು 1796ರಲ್ಲಿ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆದದ್ದು ನಿಜ. ಆದರೆ ಆ ರಕ್ಷಣೆ ನಿಸರ್ಗವೇ ಒದಗಿಸಿದ್ದು. ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಅದರ ಕಸುವು ಇಳಿಸಿ, ಅದರಿಂದಲೇ ರಕ್ಷಣೆ ಕೊಡಬಹುದು ಎಂದು ತೋರಿಸಿದವನು ಫ್ರಾನ್ಸಿನ ಲೂಯಿ ಪಾಶ್ಚರ್. ಅವನು ಅದನ್ನು ಕಂಡುಕೊಂಡದ್ದು ಕೋಳಿ ಕಾಲರಾ ಎಂಬ ರೋಗದಲ್ಲಿ.

1879ರ ಬೇಸಗೆಯಲ್ಲಿ ಅವನ ಪ್ರಯೋಗಶಾಲೆಯಲ್ಲಿ ಆ ರೋಗಾಣುವಿನ ಕೃಷಿ ಕೆಲವು ವಾರ ಹಾಗೆಯೇ ಉಳಿದುಹೋಯಿತು. ಹಳಸಿದ ಆ ರಸವನ್ನು ಚುಚ್ಚಿದಾಗ ಕೋಳಿಗಳು ಸ್ವಲ್ಪ ಮಂಕಾಗಿ ಮತ್ತೆ ಚೇತರಿಸಿಕೊಂಡವು. ಮುಂದೆ ಅದೇ ಕೋಳಿಗಳಿಗೆ ಹೊಸ, ಕಸುವುಳ್ಳ ರಸ ಚುಚ್ಚಿದರೂ ಅವು ಸಾಯಲಿಲ್ಲ. ಹೊಸದಾಗಿ ತಂದ ಕೋಳಿಗಳು ಮಾತ್ರ ಸತ್ತವು. 1880ರಲ್ಲಿ ಪಾಶ್ಚರ್ ಇದನ್ನು ವಿದ್ವಾಂಸರ ಮುಂದಿಟ್ಟನು. ಮುಂದೆ ಕುರಿದನಗಳ ನೆರಡಿ ರೋಗ, ಆಮೇಲೆ ಹುಚ್ಚುನಾಯಿ ಕಡಿತ, ಹೀಗೆ ಆ ವಿದ್ಯೆ ಬೆಳೆಯಿತು.

ಆ ಪಾಶ್ಚರನ ಸಂಸ್ಥೆಯಿಂದಲೇ ಬಂದವನು ವಾಲ್ಡೆಮಾರ್ ಹಾಫ್‌ಕಿನ್. ಮುಂಬಯಿಯಲ್ಲಿ ಪ್ಲೇಗು ಹಬ್ಬಿದ್ದ ಕಾಲದಲ್ಲಿ, 1897ರ ಜನವರಿ 10ರಂದು ತಾನು ಸಿದ್ಧಪಡಿಸಿದ ಪ್ಲೇಗಿನ ಮದ್ದನ್ನು ಮೊದಲು ತನಗೇ ಚುಚ್ಚಿಕೊಂಡನು. ಪರೇಲಿನಲ್ಲಿ ಅವನ ಹೆಸರಿನ ಸಂಸ್ಥೆ ಇಂದಿಗೂ ನಿಂತಿದೆ. ಮುಂಬಯಿಯ ನಮ್ಮ ಕನ್ನಡಿಗರಲ್ಲಿ ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗದವರು ವಿರಳ. ಹಾಫ್‌ಕಿನ್ ಪ್ಯಾರಿಸಿನಲ್ಲಿ ಕಲಿತ ವಿದ್ಯೆಯ ಬುಡದಲ್ಲಿ ಕೆಲವು ಹೆಸರಿಲ್ಲದ ಕೋಳಿಗಳಿವೆ ಎಂಬುದನ್ನು ಅಲ್ಲಿ ಹಾದುಹೋಗುವಾಗ ಒಮ್ಮೆ ನೆನೆಯಬಹುದು.

ಕೋಳಿಯ ಋಣ ಅಲ್ಲಿಗೇ ಮುಗಿಯಲಿಲ್ಲ. ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯನು 1890ರ ದಶಕದಲ್ಲಿ ಪಾಲಿಶು ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಕಂಡು, ಬೆರಿಬೆರಿ ರೋಗದ ಗುಟ್ಟಿಗೆ ದಾರಿ ಮಾಡಿದನು. ಜೀವಸತ್ವಗಳ ಅರಿವು ಅಲ್ಲಿಂದ ಬೆಳೆಯಿತು. 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. 1931ರಲ್ಲಿ ಅಮೆರಿಕದ ಗುಡ್‌ಪಾಸ್ಚರ್ ಮತ್ತು ವುಡ್‌ರಫ್ ಎಂಬವರು ಕೋಳಿ ಸಿಡುಬಿನ ವೈರಾಣುವನ್ನು ಕಾವಿಗಿಟ್ಟ ಮೊಟ್ಟೆಯೊಳಗೆ ಬೆಳೆಸಿ ತೋರಿಸಿದರು. ಹಳದಿ ಜ್ವರ, ಇನ್‌ಫ್ಲುಯೆಂಜಾ ಮುಂತಾದವುಗಳ ಲಸಿಕೆಗೆ ಮುಂದೆ ಮೊಟ್ಟೆಯೇ ಪಾತ್ರೆಯಾಯಿತು. ನಾವು ಕೋಳಿಯಿಂದ ಪಡೆದದ್ದು ಇಷ್ಟು. ಕೋಳಿಗೆ ಮರಳಿ ಕೊಟ್ಟದ್ದು ಎಷ್ಟು?

ಪುಣೆಯಿಂದ ಮುಕ್ತೇಶ್ವರ

ನಮ್ಮ ದೇಶದಲ್ಲಿ ಪ್ರಾಣಿಗಳ ರೋಗಾಣುಗಳನ್ನು ಅಭ್ಯಾಸ ಮಾಡುವ ಮೊದಲ ಪ್ರಯೋಗಶಾಲೆ ಹುಟ್ಟಿದ್ದು ನಮ್ಮ ಪುಣೆಯಲ್ಲಿಯೇ, 1889ರಲ್ಲಿ. ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಎಂಬುದು ಅದರ ಹೆಸರು. ಆಲ್ಫ್ರೆಡ್ ಲಿಂಗಾರ್ಡ್ ಮುಖ್ಯಸ್ಥ. ಜನವಸತಿಯ ನಡುವೆ ಅಪಾಯದ ರೋಗಾಣುಗಳನ್ನು ಇಟ್ಟುಕೊಳ್ಳುವುದು ತರವಲ್ಲವೆಂದು 1893ರಲ್ಲಿ ಅದನ್ನು ಕುಮಾವೂ ಬೆಟ್ಟಗಳ ನಡುವಿನ ಮುಕ್ತೇಶ್ವರಕ್ಕೆ ಒಯ್ದರು. ಸುಮಾರು ಏಳೂವರೆ ಸಾವಿರ ಅಡಿ ಎತ್ತರದ ತಣ್ಣನೆಯ ಕಾಡು ಅದು. ರೋಗಾಣುಶಾಸ್ತ್ರದ ಹಿರಿಯ ರಾಬರ್ಟ್ ಕೋಕ್ 1897ರಲ್ಲಿ ಅಲ್ಲಿಗೆ ಭೇಟಿ ಕೊಟ್ಟಿದ್ದನು.

ಆಗಿನ ಸರಕಾರಕ್ಕೆ ಇದ್ದ ಚಿಂತೆ ಕೋಳಿಯದಲ್ಲ, ದನದ್ದು. ದೊಡ್ಡರೋಗ ಎಂದು ನಮ್ಮ ರೈತರು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಬಂದರೆ ಊರಿಗೆ ಊರೇ ಎತ್ತಿಲ್ಲದೆ ನಿಲ್ಲುತ್ತಿತ್ತು. ಎತ್ತಿಲ್ಲದಿದ್ದರೆ ಉಳುಮೆಯಿಲ್ಲ, ಉಳುಮೆಯಿಲ್ಲದಿದ್ದರೆ ಕಂದಾಯವಿಲ್ಲ. ಬೆಂಗಳೂರಿನಲ್ಲಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾದದ್ದೂ ಈ ದೊಡ್ಡರೋಗವನ್ನು ಎದುರಿಸುವುದಕ್ಕಾಗಿಯೇ. ಆ ಹೋರಾಟ ವ್ಯರ್ಥವಾಗಲಿಲ್ಲ. 2011ರಲ್ಲಿ ಆ ರೋಗ ಭೂಮಿಯ ಮೇಲಿಂದಲೇ ಅಳಿದುಹೋಯಿತೆಂದು ಲೋಕಕ್ಕೆ ಸಾರಲಾಯಿತು. ಮನುಷ್ಯರ ಸಿಡುಬಿನ ನಂತರ ಹಾಗೆ ಅಳಿದದ್ದು ಅದೊಂದೇ.

ಕೋಳಿಯ ಸರದಿ ಬಂದದ್ದು 1920ರ ದಶಕದಲ್ಲಿ. 1926ರಲ್ಲಿ ಜಾವಾದಲ್ಲಿ ಕೋಳಿಗಳು ಹಿಂಡುಹಿಂಡಾಗಿ ಸತ್ತವು. ಅದೇ ವರ್ಷ ಇಂಗ್ಲೆಂಡಿನ ನ್ಯೂಕಾಸಲ್ ಎಂಬ ಬಂದರಿನ ಬಳಿಯೂ ಸತ್ತವು. ಅಲ್ಲಿ ಅದನ್ನು ಅಭ್ಯಾಸ ಮಾಡಿದ ಡಾಯ್ಲ್ ಎಂಬ ವಿಜ್ಞಾನಿ, ಲಕ್ಷಣ ವಿವರಿಸುವ ಉದ್ದನೆಯ ಹೆಸರು ಬೇಡವೆಂದು, ಸದ್ಯಕ್ಕೆ ಇರಲಿ ಎಂಬಂತೆ ಊರಿನ ಹೆಸರನ್ನೇ ಇಟ್ಟನು. ಸದ್ಯಕ್ಕೆಂದು ಇಟ್ಟ ಹೆಸರು ನೂರು ವರ್ಷ ಬಾಳಿತು.

1927ರಲ್ಲಿ ಮುಕ್ತೇಶ್ವರದಿಂದ ಬಹಳ ದೂರವಲ್ಲದ ದಂಡಿನ ಊರು ರಾಣಿಖೇತದಲ್ಲಿ ಕೋಳಿಗಳಿಗೆ ಇಂಥದೇ ಮಾರಿ ಬಡಿಯಿತು. ಆಗ ಮುಕ್ತೇಶ್ವರದ ನಿರ್ದೇಶಕನಾಗಿದ್ದವನು ಜೆ. ಟಿ. ಎಡ್ವರ್ಡ್ಸ್. ದೊಡ್ಡರೋಗದ ವೈರಾಣುವನ್ನು ಆಡಿನಲ್ಲಿ ಹಾಯಿಸಿ ದನಗಳಿಗೆ ಲಸಿಕೆ ಮಾಡಿದ ಕೀರ್ತಿ ಅವನದು. ಕೋಳಿಗಳ ಈ ಹೊಸ ರೋಗವನ್ನು ಅವನು ವರದಿ ಮಾಡಿದನು. ಇಂಗ್ಲೆಂಡಿನಲ್ಲಿ ಆದಂತೆ ಇಲ್ಲಿಯೂ ಊರಿನ ಹೆಸರೇ ರೋಗಕ್ಕೆ ಅಂಟಿಕೊಂಡಿತು. ರಾಣಿಯ ಹೊಲ ಎಂಬ ಅರ್ಥದ ಆ ಚೆಂದದ ಹೆಸರು ನಮ್ಮ ದೇಶದ ಕೋಳಿ ಸಾಕುವವರ ಪಾಲಿಗೆ ಸಾವಿನ ಹೆಸರಾಯಿತು. ನಮ್ಮ ಕನ್ನಡ ನಾಡಿನಲ್ಲಿ ಇದನ್ನು ಕೊಕ್ಕರೆ ರೋಗ ಎಂದೂ ಕರೆಯುತ್ತಾರೆ.

ಮದ್ದು ಹುಡುಕುವುದರಲ್ಲಿ ನಮ್ಮವರು ಹಿಂದೆ ಬೀಳಲಿಲ್ಲ ಎಂಬುದನ್ನು ಅಭಿಮಾನದಿಂದ ಹೇಳಬೇಕು. 1940ರ ದಶಕದಲ್ಲಿ ಮುಕ್ತೇಶ್ವರದಲ್ಲಿಯೇ ಈ ವೈರಾಣುವನ್ನು ಕಾವಿನ ಮೊಟ್ಟೆಯಿಂದ ಮೊಟ್ಟೆಗೆ ಹಾಯಿಸುತ್ತ ಹೋಗಿ ಅದರ ಉಗ್ರತೆಯನ್ನು ಇಳಿಸಿದರು. ಮುಕ್ತೇಶ್ವರ ತಳಿ ಎಂದೇ ಅದು ಹೊರದೇಶಗಳಲ್ಲಿಯೂ ಹೆಸರಾಯಿತು. ಸ್ವಲ್ಪ ಖಾರದ ಮದ್ದು ಅದು. ಎಳೆಯ ಮರಿಗಳಿಗೆ ತಡೆಯದು, ಎಂಟು ವಾರದ ಸುಮಾರಿಗೆ ಬೆಳೆದ ಕೋಳಿಗೇ ಚುಚ್ಚಬೇಕು. ಮುಂದೆ ಎಳೆಯ ಮರಿಗಳಿಗೆ ಕಣ್ಣು, ಮೂಗಿಗೆ ಹನಿ ಹಾಕುವ ಸೌಮ್ಯವಾದ ಎಫ್ ತಳಿ, ಲಸೋಟ ತಳಿಗಳು ಹೊರಗಿನಿಂದ ಬಂದವು. ಬೆಂಗಳೂರಿನ ಸೀರಂ ಇನ್‌ಸ್ಟಿಟ್ಯೂಟ್ ಬೆಳೆದು ಈಗ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಾಗಿದೆ. ಅಲ್ಲಿಯೂ ಕೋಳಿಗಳ ಲಸಿಕೆ ತಯಾರಾಗುತ್ತದೆ.

ರೋಗಕ್ಕೆ ಹೆಸರು ಬಂದು ಇಪ್ಪತ್ತು ವರ್ಷ ಸುಮಾರಿಗೆ ಮದ್ದು ಬಂತು ಎಂದಾಯಿತು. ನಮ್ಮ ಚುಕ್ಕಿ ಸತ್ತದ್ದು ಅದಾದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದು.

ಸೀಸೆಯ ಲೆಕ್ಕ

ಕಾರಣ ಏನೆಂದು ನೋಡಿದರೆ ಅದರಲ್ಲಿ ಯಾರ ದುಷ್ಟತನವೂ ಕಾಣುವುದಿಲ್ಲ. ಲಸಿಕೆಯಲ್ಲಿರುವುದು ಜೀವಂತ ವೈರಾಣು. ಒಣಗಿಸಿ ಸೀಸೆಯಲ್ಲಿ ತುಂಬಿದರೂ ತಂಪಿನಲ್ಲಿಯೇ ಇಡಬೇಕು. ನೀರು ಬೆರೆಸಿದ ಮೇಲಂತೂ ಗಂಟೆ ಎರಡು ಗಂಟೆಯಲ್ಲಿ ಸತ್ತ್ವ ಹೋಗುತ್ತದೆ. ಸಾವಿರಾರು ಕೋಳಿ ಸಾಕುವ ಫಾರ್ಮಿಗೆ ನೂರು, ಇನ್ನೂರು, ಸಾವಿರ ಕೋಳಿಗಳ ಸೀಸೆ ಅನುಕೂಲ. ಐದಾರು ಕೋಳಿ ಇಟ್ಟುಕೊಂಡ ಮನೆಗೆ ಅದು ಊರ ಜಾತ್ರೆಯ ಹಂಡೆಯಲ್ಲಿ ಒಬ್ಬನಿಗೆ ಅನ್ನ ಮಾಡಿದಂತೆ.

ಹೀಗಾಗಿ ಒಂದೇ ದೇಶದಲ್ಲಿ ಕೋಳಿಗಳಿಗೆ ಎರಡು ಚರಿತ್ರೆಗಳಾದವು. ಫಾರ್ಮಿನ ಕೋಳಿ ಲಸಿಕೆಯ ಆಸರೆಯಲ್ಲಿ ಲಕ್ಷ ಕೋಟಿಗಳಲ್ಲಿ ಬೆಳೆಯಿತು. ಮನೆಕೋಳಿ ಮಾತ್ರ ಬೇಸಗೆ ಬೇಸಗೆಗೆ ಸತ್ತು, ಮತ್ತೆ ಒಂದು ಹೇಟೆಯ ಕಾವಿನಿಂದ ಹುಟ್ಟುತ್ತ ಬಂತು. ಮನೆಕೋಳಿ ಎಂದರೆ ಅಲ್ಪವೆಂದು ತಿಳಿಯಬಾರದು. 2019ರ ಜಾನುವಾರು ಗಣತಿಯಲ್ಲಿ ನಮ್ಮ ದೇಶದ ಒಟ್ಟು ಕೋಳಿಸಂಪತ್ತು 85 ಕೋಟಿಗೆ ಮೇಲಿತ್ತು. ಅದರಲ್ಲಿ ಹಿತ್ತಲಲ್ಲಿ ಸಾಕಿದವೇ 31 ಕೋಟಿಗೂ ಹೆಚ್ಚು. ಈ 31 ಕೋಟಿಯ ಹಿಂದೆ ನಮ್ಮ ತಾಯಿಯವರಂಥ ಎಷ್ಟು ಹೆಂಗಸರ ಡಬ್ಬಿಗಳಿವೆಯೋ ಗಣತಿದಾರರು ಕೇಳಿಲ್ಲ. ಹೊಲ ಗಂಡನ ಹೆಸರಿನಲ್ಲಿ, ಎತ್ತು ಮಾವನ ಹೆಸರಿನಲ್ಲಿ. ಕೋಳಿಯೊಂದೇ ಹೆಂಗಸಿನದು ಎಂಬುದು ನಮ್ಮ ಹಳ್ಳಿಗಳಲ್ಲಿ ಕಂಡ ಮಾತು.

ರೋಗ ಹರಡಿದ ಬಗೆಯೂ ಬಡತನದ ಲೆಕ್ಕವೇ. ಒಂದು ಕೋಳಿ ತೂಕಡಿಸಿದ ಕೂಡಲೇ ಉಳಿದವನ್ನು ಸಂತೆಗೆ ಒಯ್ದು ಬಂದ ಬೆಲೆಗೆ ಕೊಡುವುದು, ಇಲ್ಲವೇ ಕೊಯ್ದು ನೆರೆಯವರಿಗೆ ಹಂಚುವುದು. ಸತ್ತು ಹೋಗುವುದಕ್ಕಿಂತ ನಾಲ್ಕು ಕಾಸು ಬರಲಿ ಎಂಬ ಆಸೆ. ಆ ಆಸೆಯ ಬುಟ್ಟಿಯಲ್ಲಿ ಕುಳಿತು ರೋಗ ಮುಂದಿನ ಊರಿಗೆ ಹೋಗುತ್ತಿತ್ತು.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಸ್ಪ್ರಾಡ್‌ಬ್ರೋ ಎಂಬ ವಿಜ್ಞಾನಿ ಈ ಚಿಕ್ಕ ಗೂಡಿನ ಕಷ್ಟವನ್ನೇ ಮುಂದಿಟ್ಟುಕೊಂಡು ದುಡಿದರು. ಸೆಕೆಯನ್ನು ಸಾಕಷ್ಟು ತಾಳಿಕೊಳ್ಳುವ, ಕಣ್ಣಿಗೆ ಒಂದು ಹನಿ ಹಾಕಿದರೆ ಸಾಕಾಗುವ ಐ-2 ಎಂಬ ಲಸಿಕೆ ಅವರ ಬಳಗದಿಂದ ಬಂತು. ಮೊಜಾಂಬಿಕ್, ತಾಂಜಾನಿಯಗಳಂಥ ದೇಶಗಳ ಹಳ್ಳಿಗಳಲ್ಲಿ ಊರವರೇ ಹನಿ ಹಾಕಲು ಕಲಿತು ಬಳಸಿದರು. ಮದ್ದಿನ ಗುಣದಷ್ಟೇ ಮದ್ದು ಮನೆಗೆ ಮುಟ್ಟುವ ದಾರಿಯೂ ಮುಖ್ಯ ಎಂಬ ಪಾಠಕ್ಕೆ ಹೀಗೆ ಬಹಳ ವರ್ಷ ಹಿಡಿಯಿತು.

ಹಿಟ್ಟಿನ ಹುಂಜ

ಇಷ್ಟೆಲ್ಲ ದುಡ್ಡಿನ, ಮದ್ದಿನ ಲೆಕ್ಕವಾಯಿತು. ಕಣ್ಣೀರಿನ ಲೆಕ್ಕ ಬೇರೆ.

ಚುಕ್ಕಿ ಸತ್ತ ದಿನ ತಂಗಿ ಅತ್ತಳು. ನೆರೆಯ ಒಬ್ಬ ಹಿರಿಯರು, “ಕೋಳಿ ಸತ್ತಿದ್ದಕ್ಕ ಯಾರರ ಅಳತಾರೇನವ್ವ?” ಎಂದು ನಕ್ಕರು. ಅವರ ಮಾತಿನಲ್ಲಿ ಕೇಡಿರಲಿಲ್ಲ. ಸತ್ತ ದನಕ್ಕೆ ಅರಿಸಿನ ಕುಂಕುಮವಿಟ್ಟು ಮಣ್ಣು ಮಾಡುವ ಮನೆಗಳನ್ನು ನಾವು ಕಂಡಿದ್ದೇವೆ. ಕೋಳಿಗೆ ಅಂಥ ಪದ್ಧತಿ ಇಲ್ಲ. ಹೇಗೂ ಒಂದು ದಿನ ಕೊಯ್ಯುವ ಪ್ರಾಣಿ, ಅದಕ್ಕೇಕೆ ದುಃಖ ಎಂಬುದು ಲೋಕದ ಪ್ರಶ್ನೆ. ಸಾಕಿದವರಿಗೆ ಆ ಉತ್ತರ ಸಾಲದು. ದಿನವೂ ಕೈಯಿಂದ ಕಾಳು ತಿಂದದ್ದು, ಕರೆದರೆ ಓಡಿ ಬಂದದ್ದು, ಮಳೆ ಬಂದಾಗ ಮರಿಗಳನ್ನು ರೆಕ್ಕೆಯಡಿ ಬಚ್ಚಿಟ್ಟದ್ದು ಕಣ್ಣ ಮುಂದೆಯೇ ಉಸಿರು ಕಟ್ಟಿ ಸಾಯುವಾಗ ಕೈಕಟ್ಟಿ ಕೂಡುವುದು ಸಣ್ಣ ನೋವಲ್ಲ.

ನಮ್ಮ ಸಾಹಿತ್ಯ ಇದನ್ನು ಅರಿಯದೆ ಇಲ್ಲ. ಕವಿ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು. ಜೀವದ ಹುಂಜವನ್ನು ಬಲಿ ಕೊಡಲು ಒಪ್ಪದ ಅರಸನು ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಅದರೊಳಗೆ ಹೊಕ್ಕ ಜೀವ ಕೂಗಿಕೊಳ್ಳುತ್ತದೆ. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಒಂದು ಜನ್ಮದಲ್ಲಿ ತಾವೇ ಕೋಳಿಗಳಾಗಿ ಬಾಣಕ್ಕೆ ಬೀಳುತ್ತಾರೆ. ಜೈನಧರ್ಮದ ಅಹಿಂಸೆಯನ್ನು ಸಾರುವ ಕಾವ್ಯ ಅದು. ಕೋಳಿ ತಿನ್ನುವ ಮನೆಯವರಾದ ನಮಗೆ ಅದನ್ನು ಎತ್ತಿ ಹೇಳುವ ಅಧಿಕಾರ ಎಷ್ಟಿದೆಯೋ ತಿಳಿಯದು. ಆದರೆ ಹಿಟ್ಟಿನ ಕೋಳಿಯ ಕೂಗನ್ನೂ ಕೇಳಿಸಿಕೊಂಡ ಭಾಷೆಯಲ್ಲಿ ನಿಜದ ಕೋಳಿಗಾಗಿ ಅತ್ತ ಒಂದು ಹುಡುಗಿ ನಗೆಪಾಟಲಾಗಬೇಕಾಗಿಲ್ಲ ಎಂದಷ್ಟೇ ನಮ್ಮ ಮಾತು.

ತಾಯಿಯವರು ತಂಗಿಯನ್ನು ಅಳಬೇಡ ಎನ್ನಲಿಲ್ಲ. ಕರಿಬೇವಿನ ಗಿಡದಿಂದ ದೂರ, ಗೋಡೆಯ ಮೂಲೆಯಲ್ಲಿ ತಂದೆಯವರಿಂದ ಆಳವಾದ ಗುಂಡಿ ತೋಡಿಸಿದರು. ಕೋಳಿ ಇಟ್ಟು ಮೇಲೆ ಸುಣ್ಣ ಸುರಿದರು. ಬಿಸಿ ಇರುವಾಗಲೇ ಕೊಟ್ಟುಬಿಡಿ, ಅಡಿಗೆ ಮಾಡಿಕೊಳ್ಳುತ್ತೇವೆ ಎಂದು ಕೇಳಿ ಬಂದವರಿಗೆ ಕೊಡಲಿಲ್ಲ. “ನಮ್ಮ ಮನಿ ರೋಗ ನಮ್ಮ ಮನ್ಯಾಗ ಮುಗೀಲಿ” ಎಂದರು. ಓದು ಬರಹ ಬಾರದ ಅವರು ಅಂದು ಮಾಡಿದ್ದು ಇಂದಿನ ಪಶುವೈದ್ಯರು ಹೇಳುವುದೇ ಎಂದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಹಕ್ಕಿಜ್ವರದ ವರ್ಷಗಳು

ರಾಣಿಖೇತ ಮನುಷ್ಯರನ್ನು ಹೆಚ್ಚು ಕಾಡುವ ರೋಗವಲ್ಲ. ಬಹಳವೆಂದರೆ ಕಣ್ಣು ಕೆಂಪಾಗಿ ನಾಲ್ಕು ದಿನ ನೀರು ಸುರಿದೀತು. 2006ರ ಫೆಬ್ರುವರಿಯಲ್ಲಿ ಬಂದದ್ದು ಹಾಗಲ್ಲ. ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ನವಾಪುರದಲ್ಲಿ ಸತ್ತ ಕೋಳಿಗಳಲ್ಲಿ ಹಕ್ಕಿಜ್ವರದ ವೈರಾಣು ಇದೆಯೆಂದು ಭೋಪಾಲದ ಪ್ರಯೋಗಶಾಲೆ ಖಚಿತಪಡಿಸಿತು. ನಮ್ಮ ದೇಶದಲ್ಲಿ ಅದೇ ಮೊದಲು. ಮನುಷ್ಯರಿಗೂ ಜೀವಾಪಾಯ ತರಬಲ್ಲ ರೋಗವಾದ್ದರಿಂದ ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲುವುದೊಂದೇ ದಾರಿಯಾಯಿತು. ಫಾರ್ಮಿನವು ಮಾತ್ರವಲ್ಲ, ಮನೆಮನೆಯ ಕೋಳಿಗಳನ್ನೂ ಹಿಡಿದು ಒಯ್ದರು.

2008ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ರೋಗ ಹಬ್ಬಿದ್ದು ಬಹುತೇಕ ಹಿತ್ತಲ ಕೋಳಿಗಳಲ್ಲಿಯೇ. ಲಕ್ಷಾಂತರ ಕೋಳಿಗಳನ್ನು ಕೊಂದರು. ಹಲವರು ತಮ್ಮ ಕೋಳಿಗಳನ್ನು ಬಚ್ಚಿಟ್ಟರು. ಅದು ತಪ್ಪು, ಆದರೆ ಅರ್ಥವಾಗದ ತಪ್ಪಲ್ಲ. ನಮ್ಮ ನಾಡಿಗೂ ಅದು ಬಂತು. 2012ರ ಅಕ್ಟೋಬರದಲ್ಲಿ ಬೆಂಗಳೂರಿನ ಹೊರಗಿನ ಹೆಸರಘಟ್ಟದ ಕೇಂದ್ರೀಯ ಕೋಳಿ ಸಾಕಣೆಯಲ್ಲಿ ಟರ್ಕಿ ಕೋಳಿಗಳು ಸತ್ತು ರೋಗ ಖಚಿತವಾಯಿತು. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕಂಡಾಗ ಸುತ್ತಲಿನ ಒಂದು ಕಿಲೋಮೀಟರಿನ ಒಳಗಿನ ಕೋಳಿ, ಸಾಕುಹಕ್ಕಿಗಳ ಸರದಿ ಬಂತು. ಕೊರೋನಾದ ಭಯ ಆಗಷ್ಟೇ ಶುರುವಾಗಿದ್ದ ದಿನಗಳವು. 2021ರ ಜನವರಿಯಲ್ಲಿ ದಿಲ್ಲಿಯ ಸಂಜಯ ಸರೋವರದ ಬಾತುಗಳಲ್ಲಿ ಅದೇ ರೋಗ ಕಂಡು, ಗಾಜೀಪುರದ ಕೋಳಿಮಾರುಕಟ್ಟೆಯನ್ನು ಕೆಲವು ದಿನ ಮುಚ್ಚಿದ್ದು ದಿಲ್ಲಿಯ ಓದುಗರಿಗೆ ನೆನಪಿರಬಹುದು.

ರೋಗದಿಂದ ಕೋಳಿ ಸತ್ತರೆ ದೇವರನ್ನು ಬೈಯಬಹುದು. ಗೆಲುವಾಗಿರುವ ಕೋಳಿಯನ್ನು ಊರಿನ ಹಿತಕ್ಕಾಗಿ ತಾನೇ ಹಿಡಿದು ಕೊಡಬೇಕಾದಾಗ ಯಾರನ್ನು ಬೈಯುವುದು? ಸರಕಾರದಿಂದ ಪರಿಹಾರದ ಹಣ ಬರುತ್ತದೆ, ಬರಬೇಕು. ಆದರೆ ಕೋಳಿಯ ಬೆಲೆ ಕಟ್ಟುವವರ ಪಟ್ಟಿಯಲ್ಲಿ ಹೆಸರಿಟ್ಟು ಕರೆದ ಕೋಳಿಗೆ ಬೇರೆ ಅಂಕಣವಿಲ್ಲ. ಇಂದು ಹಿತ್ತಲಲ್ಲಿ, ತಾರಸಿಯ ಮೇಲೆ ನಾಲ್ಕು ಕೋಳಿ ಸಾಕುವ ನಮ್ಮವರು ಇದೊಂದನ್ನು ಮನಸ್ಸಿನಲ್ಲಿಡಬೇಕು. ಹಠಾತ್ತಾಗಿ ಒಂದಕ್ಕಿಂತ ಹೆಚ್ಚು ಸತ್ತರೆ ಬರಿಗೈಯಲ್ಲಿ ಮುಟ್ಟಬಾರದು, ಮಾರಬಾರದು, ಹಂಚಬಾರದು. ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ರಾಣಿಖೇತವೋ ಹಕ್ಕಿಜ್ವರವೋ ಎಂದು ಕಣ್ಣಿನಿಂದ ನೋಡಿ ಹೇಳುವುದು ಬಲ್ಲವರಿಗೂ ಕಷ್ಟ.

ಎಂಬತ್ತಮೂರು ಕೋಳಿ

ಇನ್ನು ನಮ್ಮ ಗೂಡಿನ ಕಥೆಯ ಉಳಿದ ಭಾಗ.

ಗೂಡು ಖಾಲಿಯಾದ ಮೇಲೆ ತಾಯಿಯವರು ಅದನ್ನು ಬಿಚ್ಚಿ ಹಲಗೆಗಳನ್ನು ಬಿಸಿಲಿಗೆ ಹಾಕಿದರು, ಸುಣ್ಣ ಬಳಿದರು. ಮೂರು ತಿಂಗಳು ಹೊಸ ಕೋಳಿ ತರಲಿಲ್ಲ. ನಾವು ಅವರು ಕೈಬಿಟ್ಟರೆಂದೇ ತಿಳಿದೆವು. ಒಂದು ಸಂಜೆ ತಲೆಗೆ ಸೆರಗು ಹೊದ್ದು ನಮ್ಮ ಕೈ ಹಿಡಿದು ಹೊರಟರು. ನಮ್ಮ ಓಣಿಯ ಮೊದಲ ಮನೆ ಸಾತಾರದವರದು, ಎರಡನೆಯದು ತಮಿಳರದು, ಆಚೆಗೆ ತೆಲುಗರು, ಉತ್ತರದ ಕಡೆಯವರು. ಆರು ವರ್ಷ ಒಂದೇ ನಲ್ಲಿಯ ನೀರು ಹಿಡಿದರೂ ತಾಯಿಯವರು ಯಾರ ಹೊಸ್ತಿಲನ್ನೂ ಹತ್ತಿದವರಲ್ಲ. ಭಾಷೆಯ ಅಳುಕು. ಅಂದು ಮನೆ ಮನೆಯ ಮುಂದೆ ನಿಂತು ತಮಗೆ ಬರುತ್ತಿದ್ದ ಹರಕು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: “ತುಮ್ಚ್ಯಾ ಕೋಂಬಡ್ಯಾ ಕಿತಿ?” ನಿಮ್ಮ ಕೋಳಿ ಎಷ್ಟು?

ಮೂರು, ಏಳು, ಎರಡು. ಅವರೂ ಆ ಬೇಸಗೆಯಲ್ಲಿ ಕಳೆದುಕೊಂಡವರೇ. ಒಬ್ಬೊಬ್ಬರೂ ತಮ್ಮ ಗೋಡೆಯೊಳಗೆ ತಾವೇ ಗುಂಡಿ ತೋಡಿ ಸುಮ್ಮನಿದ್ದರು. ಮೂರು ಓಣಿ ತಿರುಗಿದಾಗ ಲೆಕ್ಕ ಎಂಬತ್ತಮೂರಕ್ಕೆ ನಿಂತಿತು. ಆ ಅಂಕಿಯನ್ನು ನಮ್ಮ ಪಾಟಿಯ ಮೇಲೆ ಬರೆಸಿಕೊಂಡು, ಪಾಟಿಯನ್ನೇ ದವಾಖಾನೆಗೆ ಒಯ್ದು ವೈದ್ಯರಿಗೆ ತೋರಿಸಿದರು. ನೂರಕ್ಕೆ ಹದಿನೇಳು ಕಡಿಮೆ. ವೈದ್ಯರು ಪಾಟಿ ನೋಡಿದರು, ತಾಯಿಯವರನ್ನು ನೋಡಿದರು. ಮುಂದಿನ ಗುರುವಾರ ಮುಂಜಾನೆ ಬಿಸಿಲೇರುವ ಮೊದಲೇ ಎಲ್ಲರೂ ಬರಲಿ ಎಂದರು.

ಆ ಗುರುವಾರ ದವಾಖಾನೆಯ ಅಂಗಳದಲ್ಲಿ ಬುಟ್ಟಿಗಳ ಸಾಲು. ಐದು ಭಾಷೆಯ ಮಾತು, ಎಲ್ಲ ಕೋಳಿಗಳದು ಒಂದೇ ಕೂಗು. ನಮ್ಮ ಬುಟ್ಟಿಯಲ್ಲಿ ಮಾತ್ರ ಕೋಳಿ ಇರಲಿಲ್ಲ. ಎಂಬತ್ತಮೂರರಲ್ಲಿ ಒಂದೂ ನಮ್ಮದಲ್ಲ. ತಾಯಿಯವರು ಬೇರೆಯವರ ಕೋಳಿಗಳನ್ನು ಒಂದೊಂದಾಗಿ ರೆಕ್ಕೆ ಹಿಡಿದು ಎತ್ತಿಕೊಡುತ್ತ ನಿಂತಿದ್ದರು.

ಅಂದಿನ ಸಂಜೆ ಸಾತಾರದ ಮನೆಯವರು ತಮ್ಮದರಲ್ಲಿ ಒಂದು ಎಳೆಯ ಹೇಟೆಯನ್ನು ತಂದು ನಮ್ಮ ಹಿತ್ತಲಲ್ಲಿ ಬಿಟ್ಟು ಹೋದರು. ಅದಕ್ಕೂ ಚುಕ್ಕೆಗಳಿದ್ದವು. ತಂಗಿ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಳು. ಆದರೆ ಹಳೆಯ ಹೆಸರನ್ನು ಇಡಲಿಲ್ಲ.